ಟೆಸ್ಟಿಂಗ್ ಹೊತ್ತಿನ ಹಾಡು

ಮೈಕಣ್ಣ ತೀರಿಕೊಂಡು ಮೂರು ತಿಂಗಳಾಯಿತು. ಅವರ ಬಗ್ಗೆ ಬರೆಯಲು ನನಗಿಂತ ತಿಳಿದವರಿದ್ದಾರೆ. ಆದರೆ ಅವರೆಲ್ಲ ಕಾರ್ಯಕ್ರಮ ಶುರುವಾದ ಮೇಲೆ ಬರುವವರು. ಸಭಾಂಗಣದ ಗುಮಾಸ್ತೆಯಾದ ನಾನು ಹನ್ನೊಂದು ವರ್ಷ ಅವರಿಗೆ ಬಾಗಿಲು ತೆರೆದುಕೊಟ್ಟವಳು.

ಮೈಕು, ಸ್ಪೀಕರ್ ಬಾಡಿಗೆಗೆ ಕೊಡುವುದು ಅವರ ಕಸುಬು. ಎಲ್ಲರಿಗಿಂತ ಎರಡು ತಾಸು ಮೊದಲೇ ಬಂದು ವೈರು ಎಳೆದು, ತುಂಡಾದ ಕಡೆ ಟೇಪು ಸುತ್ತಿ, ವೇದಿಕೆಯ ಮೂಲೆಯಲ್ಲಿ ಆಂಪ್ಲಿಫೈಯರ್ ಇಟ್ಟುಕೊಂಡು ಕೂರುತ್ತಿದ್ದರು. ಬೇರೆ ಮೈಕಿನವರು 'ಹಲೋ ಹಲೋ, ಒನ್ ಟೂ ತ್ರೀ' ಅನ್ನುವ ಹೊತ್ತಿಗೆ ಇವರು ಗಂಟಲು ಸರಿಮಾಡಿಕೊಂಡು, "ಈಗ ಒಂದು ಹಾಡು. ಬರೆದವರು ನಮ್ಮೂರಿನ ಹೊಲಿಗೆ ಅಕ್ಕ" ಎಂದು ಘೋಷಿಸಿ ತಾವೇ ಹಾಡುತ್ತಿದ್ದರು. ಕಂಠ ಅಷ್ಟಕ್ಕಷ್ಟೆ. ಮೇಲಿನ ಸ್ವರಕ್ಕೆ ಹೋದಾಗ ಸ್ಪೀಕರೇ ಕೆಟ್ಟಿತೇನೋ ಅನ್ನಿಸುತ್ತಿತ್ತು.

ಹೊಲಿಗೆ ಅಕ್ಕ ಚಪ್ಪಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವರು. ಸ್ಪೀಕರ್‌ಗೆ ಗವಸು ಹೊಲಿಸಲು ಹೋದ ಮೈಕಣ್ಣ, ಅವರು ಮೆಷಿನ್ ತುಳಿಯುತ್ತ ಗುನುಗುವುದನ್ನು ಕೇಳಿ ಯಾರ ಹಾಡೆಂದು ವಿಚಾರಿಸಿದರಂತೆ. "ನಂದೇ. ಸದ್ದಾಯ್ತಾ?" ಎಂದು ಆಕೆ ಕಾಲು ನಿಲ್ಲಿಸಿದರಂತೆ. ಅಳತೆ ಗುರುತು ಹಾಕುವ ಕಂದು ಕಾಗದದ ಅಂಚಿನಲ್ಲಿ ನಲವತ್ತಕ್ಕೂ ಹೆಚ್ಚು ಹಾಡುಗಳಿದ್ದವು. ಮೈಕಣ್ಣ ಅಷ್ಟನ್ನೂ ನೋಟುಪುಸ್ತಕಕ್ಕೆ ಇಳಿಸಿಕೊಂಡರು.

ಮರುದಿನವೇ ಕಲಾ ಸಂಘದ ಅಧ್ಯಕ್ಷರ ಬಳಿ ಹೋಗಿ, ಆಕೆಗೆ ವೇದಿಕೆಯಲ್ಲಿ ಹತ್ತು ನಿಮಿಷ ಕೊಡಿ ಎಂದು ಕೇಳಿದರು. "ಟೈಲರ್ ಹಾಡು ಕೇಳೋಕೆ ಯಾರ್ರೀ ಬರ್ತಾರೆ? ನೀವು ಮೈಕ್ ನೋಡ್ಕೊಳ್ಳಿ" ಎಂದರು ಅವರು. ಮೈಕಣ್ಣ ಜಗಳವಾಡುವ ಜನವಲ್ಲ. ಮೈಕು ನೋಡಿಕೊಳ್ಳುವ ಹೊತ್ತನ್ನೇ ತಮ್ಮದು ಮಾಡಿಕೊಂಡರು.

ಖಾಲಿ ಕುರ್ಚಿಗಳಿಗೆ ಹೆಸರು ಹೇಳಿ ಏನು ಬಂತು ಎಂದು ಒಮ್ಮೆ ಕೇಳಿದ್ದೆ.

"ಕಿವಿಗೆ ಬೀಳ್ತಾ ಇರ್ಲಿ ಬಿಡಮ್ಮ. ಒಂದಿನ ಜನಾನೇ ಬಂದು, ಯಾರದ್ರೀ ಈ ಹಾಡು ಅಂತ ಕೇಳ್ತಾರೆ. ಆವಾಗ ಅಕ್ಕನ್ನ ಕರ್ಕೊಂಡು ಬರ್ತೀನಿ."

ಯಾರೂ ಕೇಳಲಿಲ್ಲ. ಹೆಸರು ಹೇಳುವಾಗ ಒಳಗಿರುತ್ತಿದ್ದವರು ಕುರ್ಚಿ ಹಾಕುವವರು, ಕಸ ಗುಡಿಸುವವರು ಮತ್ತು ನಾನು. ಜನ ಬರುವ ಹೊತ್ತಿಗೆ ಹಾಡಿನ ಕೊನೆಯ ಚರಣ ನಡೆಯುತ್ತಿತ್ತು, ಹಾಡುತ್ತಿದ್ದವರು ಮೈಕಣ್ಣ. ಹಾಡೂ ಅವರದ್ದೇ ಎಂದುಕೊಂಡು ಒಳಗೆ ಬಂದು ಕೂರುತ್ತಿದ್ದರು. ಗೊತ್ತಿದೆ ಅಂದುಕೊಂಡವರು ಕೇಳುವುದಾದರೂ ಏಕೆ? ಅದು ಮೈಕಣ್ಣನಿಗೆ ಹೊಳೆಯಲೇ ಇಲ್ಲ. ನನಗೂ ಹೊಳೆದದ್ದು ಶ್ರದ್ಧಾಂಜಲಿ ಸಭೆಯ ಆಹ್ವಾನ ಪತ್ರಿಕೆ ಟೈಪು ಮಾಡುವಾಗ. 'ಮೈಕಣ್ಣ ರಚಿಸಿದ ಗೀತೆಗಳ ಗಾಯನ' ಎಂದು ಅಧ್ಯಕ್ಷರು ಬರೆದುಕೊಟ್ಟಿದ್ದರು. ತಪ್ಪಾಗಿದೆ ಸಾರ್ ಎಂದೆ. ಸತ್ತವರಿಗೆ ಒಳ್ಳೆಯ ಹೆಸರು ಬಂದರೆ ನಿನಗೇನು ತೊಂದರೆ ಎಂದರು. ಎರಡನೇ ಮಾತು ಆಡುವ ಧೈರ್ಯ ನನಗಾಗಲಿಲ್ಲ, ಟೈಪು ಮಾಡಿದೆ. ಆ ಮನುಷ್ಯ ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ, ಹೆಚ್ಚುಕಡಿಮೆ ಇಪ್ಪತ್ತು ವರ್ಷ ಬೇಡಿದ ಒಂದೇ ಒಂದು ಸಂಗತಿಯನ್ನು ನನ್ನ ಕೈಯಾರೆ ಅಳಿಸಿದ ಹಾಗಾಯಿತು.

ಸಭೆಯ ದಿನ ಹೊಲಿಗೆ ಅಕ್ಕ ಕೊನೆಯ ಸಾಲಿನಲ್ಲಿ ಕೂತಿದ್ದರು. ಅಧ್ಯಕ್ಷರು ಮೈಕಣ್ಣನನ್ನು ಮಹಾಕವಿಯೆಂದು ಹೊಗಳಿ, ಅವರು ಬರೆದ ಹಾಡನ್ನು ಈಗ ಕೇಳೋಣ ಎಂದರು. ನಾನು ಪಕ್ಕದಲ್ಲೇ ಪಟ್ಟಿ ಹಿಡಿದು ನಿಂತಿದ್ದೆ.

"ಅದು ಅವರದ್ದಲ್ಲ ಸಾರ್" ಎಂದೆ. ಮೈಕು ಹತ್ತಿರವಿದ್ದದ್ದರಿಂದ ಸಭೆಗೆಲ್ಲ ಕೇಳಿಸಿತು.

ಅಧ್ಯಕ್ಷರು ನನ್ನನ್ನು ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ಬಾಗಿಲ ಬಳಿಯಿಂದ ಕುರ್ಚಿ ಹಾಕುವ ಹಿರಿಯರು, "ಹೌದು, ಹೊಲಿಗೆ ಅಕ್ಕಂದು. ಪ್ರತಿ ಸಲಾನೂ ಹೇಳೋರು. ನೀವು ಬಂದಿರ್ತಿರ್ಲಿಲ್ಲ" ಎಂದರು. ಕಸ ಗುಡಿಸುವ ಚಿಕ್ಕಮ್ಮ, ತನಗೆ ಇಡೀ ಹಾಡು ಬಾಯಿಪಾಠ, ಬೇಕಿದ್ದರೆ ಹೇಳುತ್ತೇನೆ ಎಂದು ಮುಂದೆ ಬಂದೇಬಿಟ್ಟರು.

ಜನರೆಲ್ಲ ಹಿಂದೆ ತಿರುಗಿದರು. ಅಕ್ಕನಿಗೆ ಏಳದೆ ಬೇರೆ ದಾರಿ ಇರಲಿಲ್ಲ. ಮೈಕಿನ ಮುಂದೆ ಬಂದು ಸೆರಗು ಸರಿಮಾಡಿಕೊಂಡರು.

"ಹಾಡು ನಂದೇ. ಆದ್ರೆ ಅವರು ಹಾಡ್ತಿದ್ದ ಹಾಗಲ್ಲ. 'ದಾರ ಇನ್ನೂ ಉಳಿದಿದೆ' ಅಂತ ನಾನು ಬರೆದ್ರೆ, 'ದಾರ ಎಲ್ಲ ಮುಗಿದಿದೆ' ಅಂತ ಹಾಡೋರು. ಜನ ಅಳ್ಬೇಕಂತೆ. ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಪುಣ್ಯಾತ್ಮ."

ಸಭೆ ನಕ್ಕಿತು. ಮೊದಲ ಸಾಲಿನಲ್ಲಿದ್ದ ಮೈಕಣ್ಣನ ಹೆಂಡತಿ ನಗುತ್ತಲೇ ಕಣ್ಣೊರೆಸಿಕೊಂಡು ಆಂಪ್ಲಿಫೈಯರ್ ಹತ್ತಿರ ಹೋಗಿ ಕೂತರು. ಅಕ್ಕನ ಧ್ವನಿ ಸಣ್ಣದು, ಸ್ವಲ್ಪ ಜಾಸ್ತಿ ಮಾಡಬೇಕಾಗುತ್ತದೆ ಎಂದು ನನಗೆ ಹೇಳಿ ಗುಂಡಿ ತಿರುಗಿಸಿದರು. ಅಕ್ಕ ತಾವು ಬರೆದ ಹಾಗೆಯೇ ಹಾಡಿದರು.