ಅಡುಗೆಮನೆಯ ನಲ್ಲಿ ಮತ್ತು ನನ್ನ ಎಡಗಾಲಿನ ಚಪ್ಪಲಿ

ನನಗೂ ಕೆಳಮನೆಯವರಿಗೂ ಮಾತು ನಿಂತು ಆರು ವರ್ಷವಾಯಿತು. ನಿಂತದ್ದು ಕುಶಲ ವಿಚಾರಿಸುವ ಮಾತು. ಬೈಗುಳ ನಡೆದೇ ಇದೆ, ಅದಕ್ಕೆ ಹಬ್ಬ ಹರಿದಿನವೆಂದು ರಜೆಯೂ ಇಲ್ಲ. ಇಷ್ಟಕ್ಕೆಲ್ಲ ಕಾರಣ ಒಂದು ಅರ್ಧ ಇಂಚಿನ ನಲ್ಲಿ, ಅದರ ಹೊಟ್ಟೆಯೊಳಗೆ ಕೂರುವ ನಾಲ್ಕಾಣೆ ಬಿಲ್ಲೆಯಷ್ಟು ಅಗಲದ ಒಂದು ವಾಷರ್.

ನಮ್ಮದು ಬಾಂದ್ರಾ ದಾಟಿ ಐದಾರು ಸ್ಟೇಷನ್ ಆಚೆಯ ಹಳೆಯ ಬಿಲ್ಡಿಂಗು. ಸಾಲುಕೋಣೆಗಳ ಚಾಳಿಗಿಂತ ಒಂದು ಮೆಟ್ಟಿಲು ಮೇಲೆ, ಫ್ಲ್ಯಾಟಿಗಿಂತ ಹತ್ತು ಮೆಟ್ಟಿಲು ಕೆಳಗೆ. ಸಂಡಾಸು ವರಾಂಡದ ತುದಿಯಲ್ಲಿ, ಎಲ್ಲರಿಗೂ ಸೇರಿ ಒಂದು. ನೀರು ಮಾತ್ರ ಮನೆಯೊಳಗೇ ಬರುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ, ಅದರ ಮೇಲೊಂದು ನಲ್ಲಿ. ಬೆಳಿಗ್ಗೆ ಐದೂವರೆಯಿಂದ ಆರೂವರೆಯವರೆಗೆ ನೀರು, ಉಳಿದ ಇಪ್ಪತ್ಮೂರು ಗಂಟೆ ಅದರ ಚಿಂತೆ. ಚಿಂತೆಯ ಕೆಲಸ ಮನೆಯವರೆಲ್ಲ ಸೇರಿ ನನಗೇ ವಹಿಸಿದ್ದರು. ಯಾರ ಆಯ್ಕೆಯನ್ನೂ ತಪ್ಪೆನ್ನಲಾರೆ.

ನನ್ನ ಹೆಂಡತಿ ಫೋರ್ಟಿನ ಆಫೀಸೊಂದರಲ್ಲಿ ಟೈಪಿಸ್ಟ್. ಮಗಳಿಗೆ ಆಗ ಮೂರು ವರ್ಷ. ಮಗುವನ್ನು ನೋಡಿಕೊಳ್ಳಲೆಂದು ಅಮ್ಮ ಮೈಸೂರಿನಿಂದ ಬಂದಿದ್ದಳು, ಒಂದೇ ಒಂದು ಷರತ್ತಿನ ಮೇಲೆ. "ಉಳಿದದ್ದೆಲ್ಲ ಹೇಗಾದರೂ ಇರಲಿ ಕಣೋ. ಕುಡಿಯೋ ನೀರು, ಅಡುಗೆ ನೀರು ಮಡಿಯಾಗಿರಬೇಕು. ಅದು ಕೆಟ್ಟಿತೋ, ಮಾರನೇ ದಿನದ ಗಾಡಿಗೆ ನನ್ನ ಹತ್ತಿಸಿಬಿಡು." ಅಮ್ಮ ಗಾಡಿ ಹತ್ತಿದರೆ ಹೆಂಡತಿ ಕೆಲಸ ಬಿಡಬೇಕು, ಅವಳು ಕೆಲಸ ಬಿಟ್ಟರೆ ನಾವು ಆ ಮನೆ ಬಿಡಬೇಕು. ನಮ್ಮ ಸಂಸಾರವೆಲ್ಲ ಆ ನಲ್ಲಿಯ ಮೂತಿಯಿಂದ ಜೋತಾಡುತ್ತಿತ್ತು ಎಂದರೆ ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಉತ್ಪ್ರೇಕ್ಷೆ ನನ್ನ ಸ್ವಭಾವವಾದರೂ ಈ ಒಂದು ಸಲ ಅಲ್ಲ.

ಬಂದ ದಿನವೇ ಅಮ್ಮ ಕೇಳಿದ ಮೊದಲ ಪ್ರಶ್ನೆ: "ಇದರೊಳಗೆ ಚರ್ಮ ಇದೆಯೇನೋ?" ಆ ಕಾಲದ ನಲ್ಲಿಗಳಲ್ಲಿ ತೊಗಲಿನ ವಾಷರ್ ಇರುತ್ತಿದ್ದುದು ಮೈಸೂರಿನ ಮಡಿ ಹೆಂಗಸರಿಗೆಲ್ಲ ಗೊತ್ತಿತ್ತು. ಅಲ್ಲಿ ಬಾವಿ ಇತ್ತು, ಇಲ್ಲಿ ನಾನಿದ್ದೆ. ನಾನು ಮೊದಲೇ ಹುಷಾರಾಗಿ ರಬ್ಬರಿನದು ಹಾಕಿಸಿಟ್ಟಿದ್ದೆ. ಅದು ಎಂಟು ತಿಂಗಳು ಬಾಳಿ ಸವೆಯಿತು. ನಲ್ಲಿಯನ್ನು ಎಷ್ಟು ತಿರುಗಿಸಿ ಮುಚ್ಚಿದರೂ ಧಾರೆ ನಿಲ್ಲದು. ಮೋರಿಯ ತೂತು ಮೊದಲೇ ಅರ್ಧ ಕಟ್ಟಿಕೊಂಡಿತ್ತು. ನೀರು ತುಂಬಿ, ಉಕ್ಕಿ, ನೆಲದ ಬಿರುಕು ಹಿಡಿದು ಕೆಳಕ್ಕೆ ಇಳಿಯಿತು.

ಕೆಳಗೆ ನೆಲ ಅಂತಸ್ತಿನಲ್ಲಿದ್ದವರು ಫೋರ್ಟಿನ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ನನ್ನಷ್ಟೇ ವಯಸ್ಸು, ನನ್ನ ಎರಡರಷ್ಟು ಧ್ವನಿ. ಬನಿಯನ್ನಿನಲ್ಲೇ ಮೇಲೆ ಬಂದು ಬಾಗಿಲಲ್ಲಿ ನಿಂತರು.

"ಎಂಥದು ಮಾರಾಯ್ರೆ ಇದು? ನಿಮ್ಮ ಮೋರಿ ನೀರು ನಮ್ಮ ಸ್ಟವ್ವಿಗೆ ಬೀಳ್ತಾ ಉಂಟು. ಒಂದು ಚಾ ಇಟ್ರೆ ಎರಡು ಚಾ ಆಗ್ತದೆ."

"ನೀವು ಗುಂಡಿ ತೋಡಿ ನಮ್ಮ ಪಾಲಿನ ನೀರು ಎಳ್ಕೋತಿದೀರಲ್ಲ, ಅದು?"

"ಎಳ್ಕೊಂಡದ್ದು ನಿಮ್ಮ ನೀರಾದ್ರೆ ಮೇಲಿಂದ ಸೋರುದು ಯಾರ ನೀರು?"

ಜಗಳದಲ್ಲಿ ನನಗೆ ಉತ್ತರ ಹೊಳೆಯುವುದು ಮಾರನೇ ದಿನದ ಲೋಕಲ್ ರೈಲು ದಾದರ್ ಬಿಟ್ಟ ಮೇಲೆ. ಆದರೆ ಗುಂಡಿಯ ಮಾತು ಸುಳ್ಳಲ್ಲ. ಅವರು ತಮ್ಮ ಮೋರಿಯ ನೆಲ ಅಗೆದು, ಮೊಣಕಾಲುದ್ದ ಗುಂಡಿ ಮಾಡಿ, ನಲ್ಲಿಯನ್ನು ಅದರೊಳಕ್ಕೆ ಇಳಿಸಿದ್ದರು. ನಲ್ಲಿ ತಗ್ಗಿದಷ್ಟೂ ನೀರು ಜೋರು. ಎರಡೂ ಮನೆಗೆ ಪೈಪು ಒಂದೇ. ಅವರ ಹಂಡೆ ಬಕೆಟ್ಟುಗಳೆಲ್ಲ ತುಂಬಿ, ಆರು ಗಂಟೆಗೆ ಅವರು ನಲ್ಲಿ ಮುಚ್ಚಿದ ಮೇಲೆಯೇ ನೀರಿಗೆ ನಮ್ಮ ನೆನಪಾಗುತ್ತಿತ್ತು.

ಪ್ಲಂಬರನ್ನು ಕರೆಯೋಣವೆಂದರೆ ಅಮ್ಮ ಒಪ್ಪಲಿಲ್ಲ. ಯಾರೋ ಬಂದು ಅಡುಗೆಮನೆಯಲ್ಲಿ ಓಡಾಡಿದರೆ ಆಮೇಲೆ ಅವಳು ಇಡೀ ಅಡುಗೆಮನೆ ತೊಳೆಯಬೇಕು, ತೊಳೆಯಲು ನೀರಿಲ್ಲ. ತಾನು ಬರುವ ಮುಂಚೆ ಕರೆಸಿದವನ ವಿಷಯ ಬೇರೆ, ಆಗ ಅದು ಬರೀ ಅಡುಗೆಮನೆಯಾಗಿತ್ತು, ಈಗ ತನ್ನ ಅಡುಗೆಮನೆ ಎಂದಳು. ಹೀಗಾಗಿ ರಿಪೇರಿ ನನ್ನ ತಲೆಗೆ ಬಂತು. ದಾದರಿನ ಹಾರ್ಡ್‌ವೇರ್ ಅಂಗಡಿಯವನು ತೊಗಲಿನ ವಾಷರೇ ಗಟ್ಟಿ ಎಂದು ಉಪದೇಶಿಸಿದ. ನಾನು ಹಠ ಹಿಡಿದು ರಬ್ಬರಿನದು ಕೇಳಿ ಕೊಂಡುಕೊಂಡೆ. ಮನೆಗೆ ಬಂದು ನೋಡಿದರೆ ಅದು ಮುಕ್ಕಾಲು ಇಂಚಿನ ನಲ್ಲಿಯದು.

ಆ ಭಾನುವಾರ ಮಧ್ಯಾಹ್ನ ಅಮ್ಮ ಮಗುವನ್ನೂ ಸೊಸೆಯನ್ನೂ ಕರೆದುಕೊಂಡು ಮಾಟುಂಗಕ್ಕೆ ಹರಿಕಥೆ ಕೇಳಲು ಹೋಗಿದ್ದಳು. ಪೈಪಿನಲ್ಲಿ ನೀರಿಲ್ಲದ ಹೊತ್ತು. ಎರವಲು ತಂದ ಸ್ಪ್ಯಾನರ್ ಹಾಕಿ ನಲ್ಲಿಯ ತಲೆ ಬಿಚ್ಚಿದೆ. ಒಳಗಿನ ಕಡ್ಡಿಯ ತುದಿಯಲ್ಲಿ ಹಳೆಯ ವಾಷರ್ ಹುಳುಕು ಹಲ್ಲಿನಂತೆ ಕೂತಿತ್ತು. ಹೊಸದಿಲ್ಲ. ಬಿಚ್ಚಿದ್ದನ್ನು ಹಾಗೇ ಬಿಟ್ಟರೆ ಬೆಳಿಗ್ಗೆ ಐದೂವರೆಗೆ ಜಲಪ್ರಳಯ. ಕೂತಲ್ಲೇ ಕಣ್ಣು ಬಾಗಿಲ ಬಳಿ ಹೋಯಿತು. ಅಲ್ಲಿ ನನ್ನ ಹವಾಯಿ ಚಪ್ಪಲಿಗಳು ಇದ್ದವು.

ರಬ್ಬರ್. ಶುದ್ಧ ರಬ್ಬರ್. ಚರ್ಮದ ಸೋಂಕಿಲ್ಲ.

ಎಡಗಾಲಿನದರ ಹಿಮ್ಮಡಿಯ ಮೇಲೆ ನಾಲ್ಕಾಣೆ ಬಿಲ್ಲೆ ಇಟ್ಟು ಸುತ್ತ ಪೆನ್ಸಿಲ್ ಎಳೆದೆ. ಕ್ಷೌರದ ಬ್ಲೇಡಿನಿಂದ ಕೊರೆದು, ಬಂದ ಬಿಲ್ಲೆಯನ್ನು ದೋಸೆ ಸೀಳಿದಂತೆ ಅಡ್ಡಡ್ಡ ಸೀಳಿ, ನಡುವೆ ತೂತು ಮಾಡಿ ಕೂರಿಸಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ಅದೇ ಗೆಲುವಿನಲ್ಲಿ ತಂತಿ ಹಾಕಿ ಮೋರಿಯ ತೂತನ್ನೂ ಬಿಡಿಸಿದೆ. ಮಾರನೇ ಬೆಳಿಗ್ಗೆ ನಲ್ಲಿ ಮುಚ್ಚಿದರೆ ಒಂದು ಹನಿ ಇಲ್ಲ. ನನ್ನ ಜೀವಮಾನದಲ್ಲಿ ನಾನು ಸರಿಯಾಗಿ ಮಾಡಿದ ಏಕೈಕ ಕೈಕೆಲಸ ಅದು. ಅದಕ್ಕೇ ಅನುಮಾನ ಬರಬೇಕಿತ್ತು.

"ಚರ್ಮ ಅಲ್ಲ ತಾನೇ?" ಎಂದಳು ಅಮ್ಮ.

"ಶುದ್ಧ ರಬ್ಬರ್ ಅಮ್ಮ."

ನಾನು ಸುಳ್ಳು ಹೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರಿಸಲಿಲ್ಲ, ಅಷ್ಟೇ. ಆದರೆ ಅಂದಿನಿಂದ ಅಮ್ಮ ತೀರ್ಥ ತೆಗೆದುಕೊಳ್ಳುವಾಗಲೆಲ್ಲ ನಾನು ವರಾಂಡಕ್ಕೆ ಎದ್ದು ಹೋಗುತ್ತಿದ್ದೆ.

ತೂತು ಬಿದ್ದ ಚಪ್ಪಲಿ ಎಸೆಯಬೇಕಿತ್ತು. ಬುದ್ಧಿ ಇದ್ದವರು ಎಸೆಯುತ್ತಾರೆ. ಉಳಿದ ಚಪ್ಪಲಿ ಚೆನ್ನಾಗಿಯೇ ಇತ್ತಲ್ಲ ಎಂದು ನಾನು ಮೆಟ್ಟುತ್ತಲೇ ಇದ್ದೆ. ಹದಿನೈದು ದಿನಕ್ಕೆ ಸಿಕ್ಕಿಬಿದ್ದೆ. ಮೆಟ್ಟಿಲು ಹತ್ತುತ್ತಿದ್ದೆ, ಹಿಂದೆ ಕೆಳಮನೆಯವರು ಬಂದರು.

"ಮೇಲಿನವ್ರೆ, ಒಂದು ನಿಮಿಷ ನಿಲ್ಲಿ. ಎಡಗಾಲು ಎತ್ತಿ ನೋಡುವ."

ನಾನು ಎತ್ತಲಿಲ್ಲ. ಅವರು ಬಗ್ಗಿ ನೋಡಿದರು, ನಕ್ಕರು.

"ನಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುವಲ್ಲಿ ನಾಲ್ಕು ನಳ್ಳಿ ಉಂಟು. ನಾಲ್ಕಕ್ಕೂ ಇದೇ ವಾಷರ್. ಈ ತೂತು ನನಗೆ ಗೊತ್ತಿಲ್ವಾ? ಅಮ್ಮನಿಗೆ ಗೊತ್ತುಂಟಾ?"

"ನಿಮಗೆ ಏನು ಬೇಕು?"

"ಎಂಥ ಬೇಡ. ನೀವು ಗುಂಡಿ ವಿಷಯ ಮಾತಾಡ್ಬೇಡಿ. ನಾನು ಚಪ್ಪಲಿ ವಿಷಯ ಮಾತಾಡುದಿಲ್ಲ."

ಒಪ್ಪಂದವಾಯಿತು. ಮುರಿದವನು ನಾನು. ಅದನ್ನು ಮುಚ್ಚಿಡುವುದಿಲ್ಲ. ಬೇಸಿಗೆ ಬಂತು, ನಮ್ಮ ನಲ್ಲಿಯಲ್ಲಿ ನೀರು ಹತ್ತು ನಿಮಿಷಕ್ಕೆ ಇಳಿಯಿತು. ಕೆಳಗೆ ಅವರು ಹಾಡು ಹೇಳಿಕೊಂಡು ಸ್ನಾನ ಮಾಡುವುದು ಕೇಳಿಸುತ್ತಿತ್ತು. ಸ್ನಾನಕ್ಕಿಂತ ಹಾಡು ನನಗೆ ತಡೆಯಲಾಗಲಿಲ್ಲ. ಮುನಿಸಿಪಾಲಿಟಿಯ ವಾರ್ಡ್ ಆಫೀಸಿಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದೆ: ಇಂಥ ಬಿಲ್ಡಿಂಗಿನ ಇಂಥ ಮನೆಯಲ್ಲಿ ಗುಂಡಿ ತೋಡಿ ನೀರು ಎಳೆಯುತ್ತಿದ್ದಾರೆ. ಕೆಳಗೆ "ಒಬ್ಬ ಹಿತೈಷಿ" ಎಂದು ಸಹಿ. ಹೆಸರು ಹಾಕದಿದ್ದ ಮೇಲೆ ಯಾರಿಗೆ ತಿಳಿಯುತ್ತದೆ ಎಂದುಕೊಂಡೆ. ಅವರ ಪೈಪಿನಲ್ಲಿ ಪಾಲಿದ್ದ ಮನೆ ನಮ್ಮದೊಂದೇ ಎಂಬುದು ಅಂಚೆಗೆ ಹಾಕಿ ಬಂದ ಮೇಲೆ ಹೊಳೆಯಿತು.

ವಾರ್ಡಿನವರು ಬಂದರು, ನೋಡಿದರು, ಎದುರಿಗೇ ನಿಂತು ಗುಂಡಿ ಮುಚ್ಚಿಸಿ, ನಲ್ಲಿಯನ್ನು ಮೊದಲಿನ ಎತ್ತರಕ್ಕೆ ಏರಿಸಿ ಹೋದರು. ಆ ಸಂಜೆಯೇ ಕೆಳಮನೆಯವರು ಮೇಲೆ ಬಂದರು. ನನ್ನನ್ನು ನೋಡಲೂ ಇಲ್ಲ. ಹೊಸಿಲಾಚೆ ನಿಂತು ಒಳಗೆ ಕೂಗಿದರು.

"ಅಮ್ಮಾ, ಸ್ವಲ್ಪ ಹೊರಗೆ ಬನ್ನಿ. ನಿಮ್ಮ ಮಗನ ಚಪ್ಪಲಿ ಒಮ್ಮೆ ನೋಡಿ. ಎಡಗಾಲಿಂದು."

ಅಮ್ಮ ಬಂದಳು. ಬಟ್ಟೆ ಹರವುವ ಕೋಲಿನಿಂದ ಚಪ್ಪಲಿಯನ್ನು ಮಗುಚಿದಳು. ತೂತಿನಲ್ಲಿ ನೆಲ ಕಾಣುತ್ತಿತ್ತು.

"ಇದೇನೋ?"

"ಸವೆದಿದೆ ಅಮ್ಮ."

"ಬಿಲ್ಲೆ ಇಟ್ಟು ಕೊರೆದ ಹಾಗೆ ಸವೆಯತ್ತೇನೋ?"

"ಆ ಬಿಲ್ಲೆ ನಿಮ್ಮ ನಳ್ಳಿಯೊಳಗೆ ಉಂಟು ಅಮ್ಮಾ," ಎಂದರು ಕೆಳಮನೆಯವರು. ಅವರ ದನಿಯಲ್ಲಿ ಅಂಥ ಗೌರವವನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ರಬ್ಬರ್ ಅಮ್ಮ, ಚರ್ಮ ಅಲ್ಲ..."

"ಮೆಟ್ಟಿದ್ದು ಕಣೋ! ನೀನು ಮೆಟ್ಟಿಕೊಂಡು ಸಂಡಾಸಿಗೆ ಹೋದದ್ದು!" ಎಂದಳು ಅಮ್ಮ. ಆಮೇಲೆ ಬೆರಳು ಮಡಚಿ ಏನೋ ಎಣಿಸಿದಳು. "ಎಷ್ಟು ದಿನದಿಂದ?"

"ಮೂರು ತಿಂಗಳು."

"ನಿಮ್ಮಪ್ಪನ ತಿಥಿ ಅಡುಗೆಗೂ ಇದೇ ನೀರೇನೋ?"

ಕೆಳಮನೆಯವರು ಆಗ ಮೆಲ್ಲಗೆ ಮೆಟ್ಟಿಲಿಳಿದು ಹೋದರು. ಅಷ್ಟು ದೊಡ್ಡ ಫಲ ಸಿಗುತ್ತದೆಂದು ಅವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಅಮ್ಮ ಆ ಮನೆಯ ನೀರು ಮುಟ್ಟಲಿಲ್ಲ. ಎರಡು ದಿನ ಎಳನೀರು, ಬಾಳೆಹಣ್ಣು. ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬಂತು, ಸೀರೆಗಳು ಒಳಗೆ ಹೋದವು. ಹೆಂಡತಿ ರಜೆ ಹಾಕಿ ಮನೆಯಲ್ಲಿ ಕೂತಳು. "ರೀ, ನನ್ನ ರಾಜೀನಾಮೆ ನಾನೇ ಟೈಪ್ ಮಾಡ್ಕೋಬೇಕೋ, ನೀವೇ ಬರೀತೀರೋ? ನಿಮ್ಮ ಇಂಗ್ಲಿಷು ಚೆನ್ನಾಗಿದೆಯಂತೆ, ವಾರ್ಡಿನವರು ಹೇಳಿದರು," ಎಂದಳು. ನಾನು ನಲ್ಲಿಯ ತಲೆ ಬಿಚ್ಚಿ ಚಪ್ಪಲಿಯ ಬಿಲ್ಲೆಯನ್ನು ಕಿತ್ತು ಬೀದಿಗೆ ಎಸೆದು, ಸದ್ಯಕ್ಕೆ ಸವೆದ ಹಳೆಯದನ್ನೇ ಕೂರಿಸಿದೆ. ಹೊಸ ರಬ್ಬರ್ ವಾಷರ್ ತರುತ್ತೇನೆ ಎಂದೆ. ಅಮ್ಮ ಟ್ರಂಕಿನ ಮೇಲೆ ಕೂತೇ ಉತ್ತರಿಸಿದಳು.

"ಅದು ಯಾವುದರಿಂದ ಕೊರೆದದ್ದು ಅಂತ ಯಾರನ್ನ ಕೇಳಲಿ? ನಿನ್ನನ್ನೇ?"



ಮೂರನೇ ದಿನ ಅವಳೇ ದಾರಿ ತೋರಿಸಿದಳು. "ನಲ್ಲೀನೇ ಬೇಡ. ಕಿತ್ತು ಹಾಕು. ಬರೀ ಪೈಪಿಗೆ ಮರದ ಬಿರಡೆ ಹಾಕು. ನೀರು ಬೇಕಾದಾಗ ಕೀಳೋದು, ಸಾಕಾದಾಗ ತುರುಕೋದು." ಮರ ಯಾವುದೆಂದೂ ಅವಳೇ ಹೇಳಿದಳು. ಮೈಸೂರಿನಿಂದ ತಂದಿದ್ದ ಹಳೆಯ ಲಟ್ಟಣಿಗೆ, ಅಡುಗೆಮನೆ ಬಿಟ್ಟು ಬೇರೆ ಏನನ್ನೂ ಕಂಡಿರದ ಮರ. ಅದರ ಹಿಡಿಯನ್ನು ಕೊಯ್ದು, ಕೆತ್ತಿ ಮೊನೆ ಮಾಡಿ, ಅವಳ ಮಡಿಬಟ್ಟೆಯ ಅಂಚಿನ ಹತ್ತಿನೂಲು ಸುತ್ತಿ ಪೈಪಿಗೆ ಗುದ್ದಿದೆ. ಸೀರೆಗಳು ಟ್ರಂಕಿನಿಂದ ಹೊರಗೆ ಬಂದವು. ಹೆಂಡತಿ ಆಫೀಸಿಗೆ ಹೋದಳು.

ನಾನು ಒಂದನ್ನು ಮರೆತಿದ್ದೆ. ಎಲ್ಲದರ ಬಗ್ಗೆಯೂ ಮುಂಚಿತವಾಗಿ ಹೆದರುವ ನಾನು ಇದೊಂದಕ್ಕೆ ಹೆದರಲು ಮರೆತಿದ್ದೆ. ಕೆಳಗಿನ ಗುಂಡಿ ಮುಚ್ಚಿದ್ದರಿಂದ ಈಗ ಮೊದಲ ನಿಮಿಷದಿಂದಲೇ ನೀರು ಪೂರ್ತಿ ಜೋರಿನಲ್ಲಿ ಮೇಲೆ ಬರುತ್ತಿತ್ತು. ಆ ಜೋರು ತರಿಸಿದ್ದು ನನ್ನದೇ ಅರ್ಜಿ. ಮಾರನೇ ಬೆಳಿಗ್ಗೆ ಐದೂವರೆಗೆ ಪೈಪಿನಲ್ಲಿ ಗಾಳಿ ಸುಯ್ಯೆಂದಿತು, ಢಬ್ ಎಂದು ಬಿರಡೆ ಹಾರಿ ಎದುರುಗೋಡೆಗೆ ಬಡಿಯಿತು. ನಾನು ಎದ್ದು ಬಂದು ಅದನ್ನು ಹುಡುಕಿ ಪುನಃ ತುರುಕುವಷ್ಟರಲ್ಲಿ ಮೋರಿ ದಾಟಿ ಚಿಮ್ಮಿದ ನೀರಿಗೆ ಅಡುಗೆಮನೆ ಕೆರೆಯಾಗಿತ್ತು, ಕೆರೆ ಕೆಳಕ್ಕೆ ಇಳಿಯುತ್ತಿತ್ತು.

ಕೆಳಮನೆಯವರು ತಲೆಯಿಂದ ನೀರು ತೊಟ್ಟಿಕ್ಕಿಸಿಕೊಂಡು ಬಂದರು.

"ಚಪ್ಪಲಿಯೇ ಒಳ್ಳೇದಿತ್ತು ಮಾರಾಯ್ರೆ! ಅಮ್ಮಾ, ನಾನೇ ಹೊಸ ಚಪ್ಪಲಿ ತಂದು ಕೊಡ್ತೇನೆ. ಅಂಗಡಿಯಿಂದ ಸೀದಾ. ಯಾರೂ ಕಾಲಿಗೆ ಹಾಕದ್ದು!"

ಅಮ್ಮ ಒಳಗಿನಿಂದಲೇ ಕೇಳಿದಳು: "ಅಂಗಡೀಲಿ ಅಳತೆ ನೋಡೋಕೆ ಯಾರೂ ಕಾಲು ತೂರಿಸಿಲ್ಲ ಅಂತ ಆಣೆ ಇಡ್ತೀರೇನಪ್ಪ?"

ಅವರಿಗೂ ಉತ್ತರ ದಾದರ್ ದಾಟಿದ ಮೇಲೆ ಹೊಳೆದಿರಬೇಕು. ನನ್ನತ್ತ ತಿರುಗಿ, ಇಲ್ಲಿ ಬರೆಯಲಾಗದ ತುಳು ಮಾತೊಂದನ್ನು ಹೇಳಿ ಹೋದರು. ಅದರ ಅರ್ಥ ನನಗೆ ತಿಳಿಯಲಿಲ್ಲ, ಉದ್ದೇಶ ತಿಳಿಯಿತು.

ಬಿರಡೆ ಈಗಲೂ ಇದೆ. ಅಮ್ಮನೂ ಇದ್ದಾಳೆ, ಮಗಳು ಸ್ಕೂಲಿಗೆ ಹೋಗುತ್ತಾಳೆ, ಹೆಂಡತಿಗೆ ಪ್ರಮೋಷನ್ ಆಗಿದೆ. ದಿನಾ ಐದು ಇಪ್ಪತ್ತಕ್ಕೆ ನಾನು ಎದ್ದು ಮೋರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಪಾತ್ರೆ ತುಂಬಿಸುವ ಹೊತ್ತು ಬಿಟ್ಟರೆ ಆರೂವರೆಯವರೆಗೆ ಲಟ್ಟಣಿಗೆಯ ಹಿಡಿಯನ್ನು ಎರಡು ಕೈಯಲ್ಲಿ ಒತ್ತಿ ಹಿಡಿಯುತ್ತೇನೆ. ಊರಿಗೆ ಹೋಗುವಂತಿಲ್ಲ, ಜ್ವರ ಬರುವಂತಿಲ್ಲ. ಕೆಳಗೆ ಅವರೂ ಎದ್ದಿರುತ್ತಾರೆ. ಐದು ಇಪ್ಪತ್ತೈದಕ್ಕೆ ಕೋಲಿನಿಂದ ಸೂರಿಗೆ ಒಂದು ಗುದ್ದು ಗುದ್ದುತ್ತಾರೆ: ಕೂತಿದ್ದೀಯಾ? ನಾನು ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಒದೆಯುತ್ತೇನೆ: ಕೂತಿದ್ದೇನೆ. ಆಮೇಲೆಯೇ ಅವರು ಸ್ಟವ್ ಹಚ್ಚುವುದು.

ಇದನ್ನು ಯಾರೂ ಸ್ನೇಹವೆಂದು ತಿಳಿಯಬಾರದು. ಕೆಲವು ದಿನ, ಮುಖ್ಯವಾಗಿ ಹಿಂದಿನ ದಿನ ಅವರು ಹಾಡು ಹೇಳಿದ್ದರೆ, ನಾನು ಹಿಡಿಯನ್ನು ಬಿಗಿಯಾಗಿ ಒತ್ತಿ ಕೂತೇ ಇರುತ್ತೇನೆ, ಕಾಲು ಮಾತ್ರ ಒದೆಯುವುದಿಲ್ಲ. ಕೆಳಗೆ ಅವರು ಪಾತ್ರೆ, ಸ್ಟವ್ವು, ಚಾಪುಡಿಯ ಡಬ್ಬಿ ಎಲ್ಲವನ್ನೂ ದಡಬಡ ಎತ್ತಿಕೊಂಡು ಹೊರಕೋಣೆಗೆ ಓಡುವುದನ್ನು ಕಿವಿಗೊಟ್ಟು ಕೇಳುತ್ತೇನೆ.