ಮಾಳಿಗೆಯ ಮೇಲೆ ಹರಳು ಗಿಡ

ಬೆಳಗಿನ ಆರು ಗಂಟೆ. ಚಿತ್ರದುರ್ಗದ ಕೋಟೆ ಬುಡದ ಹಳೇ ಬೀದಿಯಲ್ಲಿ, ಬುಡೇನ್ ಸಾಬರ ಮಣ್ಣಿನ ಮಾಳಿಗೆಯ ಮೇಲೆ ಸೆರಗು ಸಿಕ್ಕಿಸಿ ನಿಂತ ಜುಂಜಮ್ಮ ಹರಳು ಗಿಡವೊಂದನ್ನು ಬೇರುಸಹಿತ ಕಿತ್ತು ಕೆಳಕ್ಕೆ ಎಸೆಯುತ್ತಾರೆ. ಇದು ಆರನೆಯದು.

"ಸಾಬ್ರೇ, ಬರ್ರಿ ಈಚೆಗೆ! ಇದೇನು ಮನೇನೋ ಹೊಲಾನೋ? ಇನ್ನೊಂದ್ ತಿಂಗ್ಳು ಬಿಟ್ಟಿದ್ರೆ ಗಾಣಕ್ಕೆ ಹಾಕಿಸ್ಬೋದಿತ್ತು!"

ಸಾಬರು ಅಂಗಳದಲ್ಲಿ ತಲೆ ತಗ್ಗಿಸುತ್ತಾರೆ. ವರ್ಷವರ್ಷ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಬಡಿಯುವ ಜುಂಜಮ್ಮ ಹೋದ ವರ್ಷ ಮೊಣಕಾಲು ನೋವೆಂದು ಬಂದಿರಲಿಲ್ಲ. ಮನೆಗೆ ಒಳ್ಳೆಯ ಮಣ್ಣೇ ಬೀಳಲಿ ಎಂದು ಸಾಬರು ಭರಮಸಾಗರದ ತಮ್ಮ ಹೊಲದಿಂದ ಒಂದು ಟ್ರ್ಯಾಕ್ಟರ್ ಕಪ್ಪು ಮಣ್ಣು ತರಿಸಿ ಹಾಸಿಬಿಟ್ಟರು. ಒಳ್ಳೆಯ ಮಣ್ಣು ಸುಮ್ಮನಿರುತ್ತದೆಯೇ? ಗಿಡ ಬೆಳೆಸಿತು. ಬೇರು ಇಳಿದಲ್ಲೆಲ್ಲ ನೀರೂ ಇಳಿದು ನಡುಮನೆಯ ತೊಲೆ ಮೆತ್ತಗಾಗಿದೆ. ಈ ಮುಂಗಾರಿಗೂ ಸೋರಿದರೆ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುವುದೆಂದು ಮೇಸ್ತ್ರಿಗೆ ಹೇಳಿಯೂ ಆಗಿದೆ.

ಮಾಳಿಗೆಗೆ ಬೇಕಾದದ್ದು ಕರ್ಲು ಮಣ್ಣು. ಗರಿಕೆಯೂ ಹುಟ್ಟದ, ಉಪ್ಪೇರಿದ ಚೌಳು ನೆಲದ್ದು. ಮಳೆ ಬಿದ್ದರೆ ಅದು ಬಿಗಿದುಕೊಂಡು ನೀರನ್ನು ಆಚೆಗೇ ಜಾರಿಸುತ್ತದೆ. ಜುಂಜಮ್ಮ ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟು ನೋಡುತ್ತಾರೆ. ಉಪ್ಪು ಹತ್ತದಿದ್ದರೆ ಥೂ ಎಂದು ಉಗಿದು ಬೇರೆ ಗುಂಡಿ ಹುಡುಕುತ್ತಾರೆ.

ಆದಿವಾಲದ ಹತ್ತಿರದ ಗೊಲ್ಲರಹಟ್ಟಿಯಲ್ಲಿ ಕುರಿ ಕಾಯುತ್ತಾ ಬೆಳೆದವರು. "ಕುರಿ ನೆಲ ನೆಕ್ತಾವಲ್ಲ, ಅಲ್ಲೇ ಕರ್ಲು ಐತೆ ಅಂತ. ನಂಗೆ ಕುರಿಗಳೇ ಮೇಷ್ಟ್ರು," ಎನ್ನುತ್ತಾರೆ. ಈಗ ಅರವತ್ಮೂರು. ಮದುವೆಯಾಗಿ ದುರ್ಗಕ್ಕೆ ಬಂದಾಗ ಈ ಬೀದಿಯಲ್ಲಿ ಸಾಬರದು, ಶೆಟ್ಟರದು, ಜೈನರದು, ಮರಾಠರದು ಎಂದು ಮೂವತ್ತೆಂಟು ಮಾಳಿಗೆ ಮನೆಗಳಿದ್ದವು. ಉಳಿದಿರುವುದು ಒಂಬತ್ತು. ದಿನಕ್ಕೆ ಅರವತ್ತು ಪುಟ್ಟಿ ಮಣ್ಣು ಹೊತ್ತು ಇವರು ಏಣಿ ಹತ್ತುತ್ತಾರೆ, ಅದೇ ಮೊಣಕಾಲಿನಲ್ಲಿ.

ಬೀದಿಯ ತುದಿಯಲ್ಲಿ 'ಪಾರಂಪರಿಕ ಬೀದಿ' ಎಂಬ ಫಲಕ ನೆಟ್ಟಿದ್ದಾರೆ. ಗೋಡೆಗಳಿಗೆಲ್ಲ ಒಂದೇ ಬಣ್ಣ ಬಳಿದಿದ್ದಾರೆ. ಮಾಳಿಗೆ ಹತ್ತಿ ನೋಡಿದ ಪುಣ್ಯಾತ್ಮ ಒಬ್ಬನೂ ಇಲ್ಲ! ಮೇಲೆ ಥಳುಕು, ಒಳಗೆ ಹುಳುಕು.

"ಕೆತ್ನೆ ಬಾಗ್ಲು ಮುಂದೆ ನಿಂತು ಫೋಟೋ ಹೊಡ್ಕಂತಾರೆ. ಮಾಳಿಗೆ ಬಿದ್ರೆ ಬಾಗ್ಲು ನಿಂತಿರ್ತೈತಾ? ಹೇಳಿ ಹೇಳಿ ನನ್ ಬಾಯಿ ಒಣಗೋತು," ಎಂದು ಜುಂಜಮ್ಮ ಗೊಣಗುತ್ತಾರೆ. ಗೊಣಗುತ್ತಲೇ ಕಪ್ಪು ಮಣ್ಣು ಕೆರೆದು ಹಾಕುತ್ತಾರೆ, ತೊಲೆಗೆ ಊರುಗಂಬ ಕೊಡಿಸುತ್ತಾರೆ, ಬಂದರಿಕೆ ಗಿಡದ ಸೊಪ್ಪು ಹಾಸಿ ಅದರ ಮೇಲೆ ಕರ್ಲು ಬಡಿಯುತ್ತಾರೆ. ನಾಲ್ಕು ದಿನ ಇದೇ ಕೆಲಸ.

ಐದನೆಯ ದಿನ ಮಧ್ಯಾಹ್ನ ಮಳೆ ಧೋ ಎಂದು ಹಿಡಿಯುತ್ತದೆ. ಸಾಬರು ಸೋರುವ ಜಾಗಗಳಲ್ಲಿ ಅಭ್ಯಾಸಬಲದಿಂದ ಏಳು ಪಾತ್ರೆ ಇಡುತ್ತಾರೆ. ಜುಂಜಮ್ಮನಿಗೆ ಮೈಯೆಲ್ಲ ಉರಿದುಹೋಗುತ್ತದೆ. ನಡುಮನೆಯಲ್ಲಿ ಕುಳಿತು ತೊಲೆಯನ್ನೇ ನೋಡುತ್ತಾರೆ.

ಒಂದು ಗಂಟೆ ಕಳೆಯುತ್ತದೆ. ಸಾಬರು ಒಂದೊಂದೇ ಪಾತ್ರೆಗೆ ಕೈ ಹಾಕಿ ತಡವುತ್ತಾರೆ. ಏಳೂ ಒಣ. "ಮೇಸ್ತ್ರಿಗೆ ಬರ್ಬ್ಯಾಡ ಅಂತ ಫೋನ್ ಮಾಡ್ತೀನಮ್ಮ," ಎನ್ನುತ್ತಾರೆ.

"ಮಾಡ್ರಿ. ಮುಂದಿನ್ ವರ್ಷ ನಂಗೆ ಕಾಲು ನೋವಂದ್ರೂ ಕೈ ಹಿಡ್ದು ಹತ್ತಿಸ್ರಿ, ಬರ್ತೀನಿ. ನಿಮ್ ಹೊಲದ್ ಮಣ್ಣು ಹೊಲದಾಗೇ ಇರ್ಲಿ," ಎಂದು ಜುಂಜಮ್ಮ ಕಾಲು ನೀಡಿಕೊಳ್ಳುತ್ತಾರೆ. "ಈಗ ಆ ಪಾತ್ರೆ ಎಲ್ಲಾ ಎತ್ತಿಡ್ರಿ. ಒಂದ್ರಾಗೆ ಮಾತ್ರ ಟೀ ಕಾಸ್ರಿ."