ಬೆನ್ನು ನೋಡುವ ಹನುಮಕ್ಕ

ಹನುಮಕ್ಕ ಯಾರನ್ನೂ ಮೊದಲು ಮಾತನಾಡಿಸುತ್ತಿರಲಿಲ್ಲ. ಮಲಗಿದವರ ಬೆನ್ನ ಕೆಳಗೆ ಅಂಗೈ ತೂರಿಸುತ್ತಿದ್ದಳು. ಒದ್ದೆಯಾಗಿದೆಯೆ, ಬಿಸಿಯಾಗಿದೆಯೆ, ಚರ್ಮ ತೆಳುವಾಗಿದೆಯೆ ಎಂದು ಕೈಗೆ ತಿಳಿದ ಮೇಲೆಯೇ ಬಾಯಿಗೆ ಮಾತು. "ಏನಪ್ಪಾ ಮದುಮಗ, ಬೆಳತನಕ ಒಂದ ಮಗ್ಗಲಾಗ ಬಿದ್ದೀಯಲ್ಲ, ಈ ಕಡಿ ಹೊಳ್ಳು" ಎಂದು ಎಂಬತ್ತರ ಮುದುಕನನ್ನು ಗದರಿಸಿ ಹೊರಳಿಸುತ್ತಿದ್ದಳು.

ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರಲ್ಲಿ ನಾಲ್ಕಾರು ವ್ಯಾಪಾರಸ್ಥರು ಸೇರಿ ನಡೆಸುತ್ತಿದ್ದ ವೃದ್ಧಾಶ್ರಮಕ್ಕೆ ನಾನು ಗುಮಾಸ್ತ. ತಿಂಗಳಿಗಿಷ್ಟು ಎಂದು ಕೊಡುವವರ ತಂದೆತಾಯಿ ಮುಂದಿನ ಹಾಲಿನಲ್ಲಿ, ಫ್ಯಾನಿನ ಕೆಳಗೆ. ಸರ್ಕಾರದ ಗ್ರಾಂಟಿನ ಮೇಲೆ ಇದ್ದವರು ಹಿತ್ತಲಿನಲ್ಲಿ, ದೊರೆಗಳ ಕಾಲದ ಕುದುರೆ ಲಾಯದಲ್ಲಿ. ಹನುಮಕ್ಕ ಲಾಯದ ಆಯಾ.

ಬಾದನಹಟ್ಟಿಯಿಂದ ಕೆಲಸ ಕೇಳಿಕೊಂಡು ಬಂದ ದಿನ ಸೆಕ್ರೆಟರಿ ಆಕೆಯನ್ನು "ಏನು ಓದಿದ್ದೀಯಮ್ಮ?" ಎಂದು ಕೇಳಿದರು.

"ಓದಿಲ್ರಿ. ನಮ್ಮತ್ತಿ ನಾಕು ವರ್ಷ ಹಾಸಿಗಿ ಹಿಡಿದಿದ್ಲು. ಬೆನ್ನಾಗ ಒಂದು ಹುಣ್ಣಾಗಿಲ್ಲ. ಸುಳ್ಳಂದ್ರ ಊರಾಗ ಕೇಳ್ರಿ, ಆಕಿ ಹೆಣಕ್ಕ ನೀರು ಹಾಕಿದೋರು ಇನ್ನಾ ಅದಾರ."

ನನಗೆ ನಗು ಬಂದಿತ್ತು. ಆದರೆ ನಮ್ಮ ಕಡೆ ಅದಕ್ಕಿಂತ ಗಟ್ಟಿ ಸರ್ಟಿಫಿಕೇಟು ಇಲ್ಲ. ಮನೆಯವರು ಹೇಗೆ ನೋಡಿಕೊಂಡರು ಎನ್ನುವುದು ಹೆಣ ತೊಳೆಯುವಾಗ, ಮಗ್ಗುಲು ಹೊರಳಿಸಿದ ಗಳಿಗೆಯಲ್ಲಿ, ಸುತ್ತ ನಿಂತವರಿಗೆಲ್ಲ ಕಾಣುತ್ತದೆ. ಆಮೇಲೆ ಊರು ಅದನ್ನು ಮರೆಯುವುದಿಲ್ಲ.

ಮುಂದಿನ ಹಾಲಿನಲ್ಲಿ ಹತ್ತಿ ವ್ಯಾಪಾರಿಯೊಬ್ಬರ ತಾಯಿ ಇದ್ದರು. ಬಿಳಿ ಹಾಸು, ಹಣ್ಣಿನ ಬುಟ್ಟಿ, ಯಾವ ಕೊರತೆಯೂ ಇರಲಿಲ್ಲ. ಒಂದು ದಿನ ನೀರಿನ ಬಿಂದಿಗೆ ಹೊತ್ತು ಹೋಗುತ್ತಿದ್ದ ಹನುಮಕ್ಕ ಮೂಗರಳಿಸಿ ನಿಂತಳು. ಬಿಂದಿಗೆ ಇಳಿಸಿ, ತೆಲುಗಿನ ಆ ಮುದುಕಿಗೆ "ಇಟು ತಿರಗಮ್ಮಾ" ಎಂದು ಹೊರಳಿಸಿದಳು. ಅಷ್ಟರಲ್ಲೇ ಸೇಬು ಹಿಡಿದು ಮಗ ಬಂದರು. "ಹಣ್ಣು ಆಮ್ಯಾಲ ಕೊಡ್ರಿ ಸಾವ್ಕಾರ್ರ, ಮೊದ್ಲು ಬೆನ್ನು ನೋಡ್ರಿ." ಬೆನ್ನಿನಲ್ಲಿ ಅಂಗೈಯಗಲದ ಹುಣ್ಣು, ನೋಡಿದ ಅವರು ನೇರ ಸೆಕ್ರೆಟರಿಯ ಕೋಣೆಗೆ ನುಗ್ಗಿದರು. ಸೆಕ್ರೆಟರಿ ಆಕೆಯನ್ನು ಕರೆದು ಬೈದರು. "ರೊಕ್ಕ ಕೊಟ್ಟೋರಿಗೆ ಬೆನ್ನು ಬ್ಯಾರೆ ಇರತೈತೇನ್ರಿ?" ಎಂದು ಕೇಳಿ ಲಾಯಕ್ಕೆ ಹೋದಳು.

ಲಾಯದಲ್ಲಿ ರಾರಾವಿಯ ನಿಂಗಪ್ಪ ಇದ್ದ. ಲಕ್ವ ಹೊಡೆದು ಅರ್ಧ ಮೈ ಸತ್ತಿತ್ತು, ಮಾತು ಅಷ್ಟಕ್ಕಷ್ಟೆ. ಹನುಮಕ್ಕ ಮೂರು ವರ್ಷ ಅವನನ್ನು ಹೊರಳಿಸಿದಳು, ಒರೆಸಿದಳು, ಕೊಬ್ಬರಿ ಎಣ್ಣೆ ಸವರಿದಳು. ಅವನ ಬೆನ್ನು ಮಗುವಿನ ಬೆನ್ನಿನಂತಿತ್ತು.

ಆಮೇಲೆ ಸರ್ಕಾರದ ಹೊಸ ನಿಯಮ ಬಂತು. ಎರಡೆರಡು ತಾಸಿಗೆ ರೋಗಿಯನ್ನು ಹೊರಳಿಸಬೇಕು, ಹೊರಳಿಸಿದವರು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಆ ಪುಸ್ತಕ ನೋಡಿ ಗ್ರಾಂಟು. ಹನುಮಕ್ಕನಿಗೆ ಸಹಿ ಬಾರದು. ಆಕೆ ಹೊರಳಿಸುತ್ತಿದ್ದಳು, ನಾನು ಸಂಜೆ ಕೂತು ಅವಳ ಹೆಸರನ್ನು ಸಾಲಾಗಿ ಬರೆಯುತ್ತಿದ್ದೆ.

ಇನ್‌ಸ್ಪೆಕ್ಟರು ಬಂದ ದಿನ ಅದು ಸಿಕ್ಕಿಬಿತ್ತು. "ಇದೆಲ್ಲ ಒಂದೇ ಕೈಬರಹ. ಯಾರದು?" ಎಂದರು. ಬರೆದವನು ನಾನು, ಮಾಡಿದವಳು ಆಕೆ ಎಂದರೆ ಮುಗಿಯುತ್ತಿತ್ತು. ಕೆಲಸ ಹೋದೀತೆಂದು ಹೆದರಿ ತಲೆ ತಗ್ಗಿಸಿದೆ.

"ಸಾಹೇಬ್ರ, ಪುಸ್ತಕ ಹ್ವಾದ್ರ ಹೋಗ್ಲಿ, ನಿಂಗಪ್ಪನ ಬೆನ್ನು ನೋಡಿ ಹೋಗ್ರಿ" ಎಂದಳು ಹನುಮಕ್ಕ.

"ಬೆನ್ನು ನೋಡೋ ಕಾಲಂ ಫಾರಂನಲ್ಲಿಲ್ಲಮ್ಮ" ಎಂದರು ಅವರು. ಕೆಟ್ಟ ಮನುಷ್ಯರೇನಲ್ಲ, ಅವರಿಗೆ ಇನ್ನೂ ಮೂರು ಕಡೆ ಹೋಗಬೇಕಿತ್ತು.

ಆ ವಾರವೇ ಸಹಿ ಬಾರದವಳೆಂದು ಆಕೆಯನ್ನು ಕೆಲಸದಿಂದ ಬಿಡಿಸಿ, ಏಳನೇ ಕ್ಲಾಸು ಪಾಸಾದ ಇಬ್ಬರನ್ನು ತೆಗೆದುಕೊಂಡರು. ರಿಜಿಸ್ಟರು ತುಂಬತೊಡಗಿತು. ನಮ್ಮ ಆಶ್ರಮಕ್ಕೆ 'ಉತ್ತಮ' ಎಂಬ ಷರಾ ಬಂದು ಗ್ರಾಂಟು ಹೆಚ್ಚಾಯಿತು. ನಾಲ್ಕನೇ ತಿಂಗಳು ನಿಂಗಪ್ಪ ತೀರಿಕೊಂಡ.

ಹೆಣದ ಜೊತೆ ರಾರಾವಿಗೆ ನನ್ನನ್ನೇ ಕಳಿಸಿದರು. ಅಂಗಳದಲ್ಲಿ ನೀರು ಹಾಕಲು ಮಗ್ಗುಲು ಹೊರಳಿಸಿದರು. ಬಿಂದಿಗೆ ಹಿಡಿದವನ ಕೈ ಅಲ್ಲೇ ನಿಂತಿತು. ಸೊಂಟದ ಹತ್ತಿರ ಹುಣ್ಣಿನೊಳಗೆ ಎಲುಬು ಕಾಣುತ್ತಿತ್ತು.

"ಯಾರ್ರಿ ಇವನ್ನ ನೋಡಿಕಂತಿದ್ದೋರು?" ಎಂದು ನಿಂಗಪ್ಪನ ತಮ್ಮನ ಮಗ ನನ್ನ ಮುಖಕ್ಕೇ ಕೇಳಿದ. ಸುತ್ತ ಐವತ್ತು ಜನ.

"ಹನುಮಕ್ಕ ಅಂತ. ಬಾದನಹಟ್ಟಿಯಾಕಿ" ಎಂದೆ.

ಮೂರು ವರ್ಷ ನೋಡಿಕೊಂಡದ್ದು ಆಕೆಯೇ ಅಲ್ಲವೆ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಆಕೆ ಆಗ ಬಾಣಂತಿಯರ, ಹಾಸಿಗೆ ಹಿಡಿದವರ ಮನೆಗೆ ಹೋಗಿ ಹೊಟ್ಟೆ ಹೊರೆಯುತ್ತಿದ್ದಳು. ನನ್ನ ಮಾತು ಆಕೆಗಿಂತ ಮೊದಲು ಆ ಮನೆಗಳನ್ನು ಮುಟ್ಟಿತು. ಆಕೆಯನ್ನು ಕರೆಯುವುದು ನಿಂತಿತು.

ಮರುವರ್ಷ ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗಿ ಬಂದಿದ್ದಳು, ಬೆರಳುಗಳು ಕೆಂಪಗೆ ಉರಿಯುತ್ತಿದ್ದವು. ನಾನು ತಪ್ಪಿಸಿಕೊಳ್ಳಲು ನೋಡಿದೆ. ಆಕೆಯೇ ಕರೆದಳು.

"ಎಷ್ಟು ದಿನ ಇತ್ರಿ ಸ್ವಾಮೇರ, ನಿಂಗಪ್ಪನ ಹುಣ್ಣು?"

"ಒಂದು ತಿಂಗಳಿರಬಹುದು."

"ಉರಿ ಅಂತ ಒದರತಿದ್ನೇನ್ರಿ?"

ನನ್ನ ಮೇಜಿಗೂ ಲಾಯಕ್ಕೂ ನಡುವೆ ಒಂದು ಅಂಗಳ ಅಷ್ಟೆ. ಆ ತಿಂಗಳು ನಾನು ಅದನ್ನು ಒಮ್ಮೆಯೂ ದಾಟಿರಲಿಲ್ಲ. "ಗೊತ್ತಿಲ್ಲಕ್ಕ" ಎಂದೆ.

ಆಕೆ ಕಣ್ಣೊರೆಸಲು ಕೈ ಎತ್ತಿ, ಖಾರ ನೆನಪಾಗಿ ಇಳಿಸಿದಳು. "ರಾರಾವಿಗೆ ಹೋಗಿ ಒಂದು ಮಾತು ಹೇಳ್ರಿ. ಕೆಲ್ಸಕ್ಕಲ್ಲ. ನಿಂಗಪ್ಪನ ಮಂದಿ ನಾನ ಅವನ್ನ ಕೊಳಿಸಿದೆ ಅಂದ್ಕಂಡಾರ, ಅದನ್ನ ನನಗ ತಡಕಳಾಕ ಆಗವಲ್ದು" ಎಂದಳು.

ಈ ಭಾನುವಾರವೇ ಹೋಗುತ್ತೇನೆ ಎಂದು ಮಾತು ಕೊಟ್ಟು ಬಸ್ಸು ಹತ್ತಿಸಿದೆ. ಎರಡು ವರ್ಷ ಬಿಟ್ಟು ಹನುಮಕ್ಕ ಸತ್ತ ಸುದ್ದಿ ಬಂತು. ರಾರಾವಿಗೆ ನಾನು ಇನ್ನೂ ಹೋಗಿಲ್ಲ.